ಕೊಡುಗೆ ರಾಮಣ್ಣ ರೈ ಅವರದು, ಖರ್ಚು ಯಾರದು?

ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಬಂದಿದ್ದು 2018ರ ಆಗಸ್ಟ್‌ನಲ್ಲಿ. ಮರುವರ್ಷ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ನಮ್ಮಂಥ ಐಟಿ ಮಂದಿ ನಕ್ಕು, ಶಿಳ್ಳೆ ಹೊಡೆದು, ಕೊನೆಗೆ ಕಣ್ಣೊರೆಸಿಕೊಂಡು ಹೊರಗೆ ಬಂದ ಸಿನಿಮಾ ಅದು. ನಂಗೂ ಇಷ್ಟ. ವಾಸುಕಿ ವೈಭವ್ ಸಂಗೀತ ಈಗಲೂ ಕೇಳ್ತೀನಿ. ಮೊನ್ನೆ ಇನ್ನೊಂದು ಸಲ ನೋಡಿದಾಗ ಮಾತ್ರ ಒಂದು ತಕರಾರು ಎದ್ದಿತು. ಸರ್ಕಾರಿ ಶಾಲೆ ಯಾಕೆ ಸಾಯುತ್ತೆ ಅನ್ನೋ ಪ್ರಶ್ನೆಗೆ ಈ ಸಿನಿಮಾ ಕೊಡೋ ಉತ್ತರ ನಮಗೆಲ್ಲ ಬಹಳ ಅನುಕೂಲದ್ದು ಅನ್ನೋದೇ ಆ ತಕರಾರು.

ಕಥೆ ನಿಮಗೆ ಗೊತ್ತಿರೋದೇ. ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಮಲಯಾಳಿ ಗಣಿತ ಮೇಷ್ಟ್ರು ಬರ್ತಾರೆ. ಆಮೇಲೆ ಅಧಿಕಾರಿಯೊಬ್ಬ ಶಾಲೆಯನ್ನೇ ಮುಚ್ಚಿಸೋಕೆ ಹೊರಡ್ತಾನೆ. ಮಕ್ಕಳು ಮೈಸೂರಿಗೆ ಹೋಗಿ ಅನಂತಪದ್ಮನಾಭ ಅನ್ನೋರನ್ನ ಹುಡುಕಿ ಕರ್ಕೊಂಡು ಬರ್ತಾರೆ. ಆ ಪಾತ್ರದಲ್ಲಿ ಅನಂತನಾಗ್ ಕೋರ್ಟಿನಲ್ಲಿ ನಿಂತು ಮಾತಾಡ್ತಾರೆ, ಶಾಲೆ ಉಳಿಯುತ್ತೆ. ಅಂದರೆ ಊರಿನವರಿಗೆ ಶಾಲೆ ಬೇಕು, ಕೆಡಿಸೋನು ಹೊರಗಿನವನು, ಉಳಿಸೋನೂ ಹೊರಗಿನವನು. 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಮಟ್ಟಿಗೆ ಈ ಕಥೆಗೆ ಅರ್ಥವಿದೆ. ಅಲ್ಲಿ ಭಾಷೆಯ ಒತ್ತಡ ನಿಜವಾದದ್ದು. ಆದರೆ ಚಪ್ಪಾಳೆ ತಟ್ಟಿದ ನಾವ್ಯಾರೂ ಕಾಸರಗೋಡಿನವರಲ್ಲ. ಅದು ನಮ್ಮೂರ ಶಾಲೆಯ ಕಥೆ ಅಂದ್ಕೊಂಡೇ ಅತ್ತೆವು.

ನಮ್ಮೂರು ಹೊನ್ನವಳ್ಳಿ. ತಿಪಟೂರು ತಾಲ್ಲೂಕಿನ ಹೋಬಳಿ, ಸುತ್ತ ತೆಂಗಿನ ತೋಟ. ಇಲ್ಲಿ ಶಾಲೆ ಮುಚ್ಚಿಸೋಕೆ ಯಾವ ಖಳನಾಯಕನೂ ಬರಬೇಕಾಗಿಲ್ಲ. ಬೆಳಿಗ್ಗೆ ಹಳದಿ ವ್ಯಾನು ಬಂದರೆ ಸಾಕು. ಟೈ ಕಟ್ಟಿದ ಮಕ್ಕಳು ಹತ್ತಿಕೊಂಡು ಪೇಟೆ ಕಡೆ ಹೋಗ್ತಾರೆ. ಯಾರೂ ಯಾರಿಗೂ ಅನ್ಯಾಯ ಮಾಡಿಲ್ಲ, ಕೋರ್ಟಿಗೆ ಹೋಗೋ ಹಾಗೂ ಇಲ್ಲ. ಸಿನಿಮಾದಲ್ಲಿ ಇಲ್ಲದ್ದು ಈ ವ್ಯಾನು.

ನನ್ನ ಸಹೋದ್ಯೋಗಿಗಳ ಹತ್ತಿರ ಇದಕ್ಕೆ ರೆಡಿಮೇಡ್ ವಿವರಣೆ ಉಂಟು. “ಹಳ್ಳಿ ಜನಕ್ಕೆ ಶಿಕ್ಷಣದ ಬೆಲೆ ಗೊತ್ತಿಲ್ಲ ಗುರೂ, ಅದಕ್ಕೇ ಸರ್ಕಾರವೂ ದುಡ್ಡು ಹಾಕಲ್ಲ” ಅಂತಾರೆ ಕೆಲವರು. ಇನ್ನು ಕೆಲವರದು ಇದರ ಉಲ್ಟಾ: “ಇಷ್ಟೊಂದು ಕೋಟಿ ಸುರೀತಾರೆ, ಜನಕ್ಕೇ ಬೇಡ ಅಂದ್ರೆ ಏನ್ಮಾಡೋದು?” ಎರಡೂ ವಾದದ ಬುಡ ಒಂದೇ. ಶಾಲೆಗೆ ಸರ್ಕಾರ ಮಾಡೋ ಖರ್ಚು ಜನ ಶಿಕ್ಷಣಕ್ಕೆ ಕೊಡೋ ಬೆಲೆಯ ಅಳತೆಗೋಲು ಅನ್ನೋ ನಂಬಿಕೆ ಅದು.

ಆನ್‌ಸೈಟ್ ಹೋಗಿಬಂದವರಿಗೆ ಇದು ಸಹಜ ಅನ್ನಿಸಬಹುದು. ಅಮೆರಿಕದ ಎಷ್ಟೋ ಊರುಗಳಲ್ಲಿ ಶಾಲೆಗೆ ದುಡ್ಡು ಬರೋದು ಆಯಾ ಊರಿನ ಆಸ್ತಿ ತೆರಿಗೆಯಿಂದ. ಹೊಸ ಕಟ್ಟಡಕ್ಕೆ ಸಾಲ ಎತ್ತಬೇಕಾ ಬೇಡವಾ ಅಂತ ಊರಿನವರೇ ವೋಟು ಹಾಕ್ತಾರೆ. ಅಲ್ಲಿ ಖರ್ಚು ನೋಡಿ ಊರಿನ ಮನಸ್ಸನ್ನ ಸ್ವಲ್ಪಮಟ್ಟಿಗೆ ಊಹಿಸಬಹುದು. ಹೊನ್ನವಳ್ಳಿಯವನ ಕೈಯಲ್ಲಿ ಏನಿದೆ? ಪಂಚಾಯ್ತಿಗೆ ಮನೆ ಕಂದಾಯ ಕಟ್ಟಿದರೆ ಅದರ ಜೊತೆಗೇ ಶಿಕ್ಷಣ ಕರ, ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಅಂತ ಒಂದಿಷ್ಟು ಸೇರ್ಕೊಂಡಿರುತ್ತೆ. ಎಷ್ಟು ಅನ್ನೋದನ್ನ ಅವನು ತೀರ್ಮಾನಿಸಿದ್ದಲ್ಲ. ಎಲ್ಲಿಗೆ ಹೋಯ್ತು ಅಂತ ಅವನಿಗೆ ಯಾರೂ ಹೇಳೋದೂ ಇಲ್ಲ. ಮೇಷ್ಟ್ರನ್ನ ನೇಮಿಸೋದು, ವರ್ಗ ಮಾಡೋದು, ಸಂಬಳ ಕೊಡೋದು ಎಲ್ಲ ರಾಜ್ಯ ಸರ್ಕಾರ.

2024-25ರ ರಾಜ್ಯ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಇಟ್ಟಿದ್ದು 44,422 ಕೋಟಿ ರೂಪಾಯಿ, ಒಟ್ಟು ಬಜೆಟ್‌ನ ಸುಮಾರು ಶೇಕಡಾ 12. ಚಿಕ್ಕ ಮೊತ್ತವೇನಲ್ಲ. ಇದರಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತೆ. ಹುದ್ದೆ ಎಷ್ಟು ಅನ್ನೋದು ಮಕ್ಕಳ ತಲೆ ಎಣಿಕೆ ಮೇಲೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳಿದ್ದರೆ ಇಬ್ಬರು ಮೇಷ್ಟ್ರು. ಐದು ಕ್ಲಾಸು, ಇಬ್ಬರು ಮೇಷ್ಟ್ರು! ಹತ್ತು ಮಕ್ಕಳು ವ್ಯಾನು ಹತ್ತಿದರೆ ಉಳಿದವರಿಗೆ ಪಾಠ ಹೇಳೋ ಕೈ ಕಡಿಮೆಯಾಗಬಹುದು. ಕೈ ಕಡಿಮೆಯಾದದ್ದು ನೋಡಿ ಇನ್ನೂ ಐದು ಮಕ್ಕಳು ಹೊರಡ್ತಾರೆ. ಸಾಫ್ಟ್‌ವೇರ್‌ನಲ್ಲಿ ಇಂಥದನ್ನ ಇನ್ಫಿನಿಟ್ ಲೂಪ್ ಅಂತೀವಿ. ಇಲ್ಲಿ ಲೂಪು ನಿಲ್ಲೋದು ಮಕ್ಕಳ ಸಂಖ್ಯೆ ಸೊನ್ನೆಗೆ ಬಂದಾಗ.

ಹಾಗಾದ್ರೆ ಊರಿನವರು ಶಿಕ್ಷಣಕ್ಕೆ ಬೆಲೆ ಕೊಡ್ತಾರಾ? ಅಟ್ಟ ನೋಡಿ ಗೊತ್ತಾಗುತ್ತೆ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯನ್ನ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯ್ತೀವಿ. ರೇಟು ಬರಲಿ ಅಂತ ಇನ್ನೂ ಸ್ವಲ್ಪ ದಿನ ತಡೆಯೋದೂ ಉಂಟು. ಆದರೆ ಜೂನ್ ಬಂತು ಅಂದ್ರೆ ರೇಟು ಇರಲಿ ಬಿಡಲಿ, ಅಟ್ಟದ ಕಾಯಿ ಇಳಿದೇ ಇಳಿಯುತ್ತೆ. ನನ್ನ ಚಿಕ್ಕಪ್ಪನ ಮಗ ಫೀಸನ್ನ ರೂಪಾಯಿಲಿ ಹೇಳಲ್ಲ. “ಅಣ್ಣ, ಈ ಸಲ ಇಬ್ಬರಿಗೂ ಸೇರಿ ಐದು ಕ್ವಿಂಟಾಲ್ ಹೋಯ್ತು, ವ್ಯಾನ್ ಬೇರೆ” ಅಂತಾನೆ. ಇವನಿಗೆ ಶಿಕ್ಷಣದ ಬೆಲೆ ಗೊತ್ತಿಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ. ತಿಪಟೂರಿನ ಒಂದು ಕಾಲೇಜಿಗೆ ಪಲ್ಲಾಗಟ್ಟಿ ಅಡವಪ್ಪ ಅಂತ ವ್ಯಕ್ತಿಯೊಬ್ಬರ ಹೆಸರೇ ಇದೆ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಡೋ ಸಿದ್ಧಗಂಗಾ ಮಠಕ್ಕೆ ರಾಗಿ, ಕಾಯಿ ಕಳಿಸೋ ಮನೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಕೊಡೋ ಮನಸ್ಸಿದೆ. ಅದು ಸರ್ಕಾರಿ ಶಾಲೆಯ ಖರ್ಚಿನ ಲೆಕ್ಕದಲ್ಲಿ ಕಾಣಿಸಲ್ಲ, ಅಷ್ಟೇ.

ಅದೇ ಮನಸ್ಸು ಜಗಳಕ್ಕೂ ಇಳಿಯುತ್ತೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ರೈತರು ಬೀದಿಗಿಳಿದರು, ನಾಫೆಡ್ ಖರೀದಿ ಆಗಲೇಬೇಕು ಅಂತ ಕೂತರು. ಹೇಮಾವತಿ ನೀರಿಗೂ ಅಷ್ಟೇ, ಹೊನ್ನವಳ್ಳಿ ಏತ ನೀರಾವರಿ ಅಂದ್ರೆ ಎಲ್ಲ ಪಕ್ಷದವರೂ ಕಿವಿ ನೆಟ್ಟಗೆ ಮಾಡ್ತಾರೆ. ಶಾಲೆಗೆ ಮೇಷ್ಟ್ರಿಲ್ಲ ಅಂತ ರಸ್ತೆ ತಡೆ ಮಾಡಿದ್ದನ್ನ ನಾನು ನಮ್ಮ ಕಡೆ ನೋಡಿಲ್ಲ. ಕಾರಣ ಸರಳ: ಕೊಬ್ಬರಿಗೆ ಕಾನ್ವೆಂಟ್ ಇಲ್ಲ. ನೂರು ಎಕರೆಯವನೂ ಅರ್ಧ ಎಕರೆಯವನೂ ಬರಬೇಕಾದ್ದು ಅದೇ ತಿಪಟೂರು ಎಪಿಎಂಸಿಗೆ, ಅದೇ ಹರಾಜಿಗೆ. ದೊಡ್ಡೋರಿಗೂ ನೋವಾಗೋದರಿಂದ ಚಿಕ್ಕೋರ ಕೂಗಿಗೂ ಬಲ ಬರುತ್ತೆ. ಶಾಲೆ ವಿಷಯದಲ್ಲಿ ಕೂಗೋ ಶಕ್ತಿ ಇದ್ದೋರೆಲ್ಲ ಮೊದಲೇ ವ್ಯಾನು ಹತ್ತಿಸಿ ಆಗಿದೆ.

ನಿಯಮವೂ ಇದಕ್ಕೆ ತಕ್ಕ ಹಾಗೇ ಇದೆ. ಕರ್ನಾಟಕದಲ್ಲಿ 2001ರಿಂದ ಶಾಲೆಗಳಿಗೆ ಎಸ್‌ಡಿಎಂಸಿ ಇದೆ. ಅದರಲ್ಲಿ ಪೋಷಕರ ಪ್ರತಿನಿಧಿಯಾಗಬೇಕಾದರೆ ನಿಮ್ಮ ಮಗು ಅದೇ ಶಾಲೆಯಲ್ಲಿ ಓದ್ತಿರಬೇಕು. ನ್ಯಾಯವಾದ ನಿಯಮವೇ. ಆದರೆ ಅಲ್ಲಿ ಉಳಿದಿರೋದು ಕಾಯಿ ಕೀಳೋರು, ಸುಲಿಯೋರು, ಕೂಲಿಗೆ ಹೋಗೋರ ಮಕ್ಕಳು. ಮೀಟಿಂಗಿಗೆ ಬಂದರೆ ಆ ದಿನದ ಕೂಲಿ ಹೋಯ್ತು. ಬಿಇಓ ಆಫೀಸಿಗೆ ಹೋಗಿ ದನಿ ಎತ್ತೋದು ಇನ್ನೂ ದೂರದ ಮಾತು. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದಬೇಕು ಅಂತ ಹೇಳಿದಾಗ ಎಲ್ಲರೂ ಭೇಷ್ ಅಂದರು, ಆಮೇಲೆ ಮರೆತರು. ಆ ತೀರ್ಪಿನ ಹಿಂದಿನ ತರ್ಕ ಮಾತ್ರ ನಮ್ಮ ಎಪಿಎಂಸಿ ತರ್ಕವೇ: ದನಿ ಇರೋರು ಒಳಗಿದ್ದರೆ ಶಾಲೆ ಸುಧಾರಿಸುತ್ತೆ.

ಇಲ್ಲೊಂದು ಆಕ್ಷೇಪ ಬರುತ್ತೆ. ಜನ ಕೊಡ್ತಿರೋದು ಶಿಕ್ಷಣಕ್ಕಲ್ಲ, ಇಂಗ್ಲಿಷಿಗೆ ಮತ್ತು ಟೈಗೆ ಅಂತ. ಸ್ವಲ್ಪ ನಿಜ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾದಾಗ ಸಾಹಿತಿಗಳು ವಿರೋಧಿಸಿದರು, ಪೋಷಕರು ಮಕ್ಕಳನ್ನ ಸೇರಿಸಿದರು. ಕನ್ನಡದಲ್ಲೇ ಓದಿ ಬಿಇ ಮುಗಿಸಿದವನಾಗಿ ನಂಗೆ ಮೊದಲನೇ ಪಕ್ಷದ ಕಡೆ ಒಲವು. ಆದರೆ ಬೆಂಗಳೂರಲ್ಲಿ ಕೂತು ನನ್ನ ಮಗಳನ್ನ ಯಾವ ಶಾಲೆಗೆ ಕಳಿಸ್ತಿದೀನಿ ಅನ್ನೋದನ್ನ ಬಚ್ಚಿಟ್ಟು ಚಿಕ್ಕಪ್ಪನ ಮಗನಿಗೆ ಕನ್ನಡ ಮಾಧ್ಯಮದ ಉಪದೇಶ ಮಾಡೋ ಹಾಗಿಲ್ಲ. ಅವನು ಕೊಳ್ತಿರೋದು ಒಳ್ಳೇ ಶಿಕ್ಷಣವೋ ಅಲ್ಲವೋ, ಕೊಳ್ಳೋ ಆಸೆ ಮಾತ್ರ ಸಾಚಾ.

ಈಗ ಸಿನಿಮಾದ ಹೆಸರಿಗೆ ಬರ್ತೀನಿ. ಅದರಲ್ಲಿ ಅತ್ಯಂತ ಚುರುಕಾದ ಪದ ‘ಕೊಡುಗೆ’. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಅದು ತಕ್ಷಣ ಗೊತ್ತಾಗುತ್ತೆ. ಫ್ಯಾನಿನ ರೆಕ್ಕೆ ಮೇಲೆ ಒಬ್ಬರ ಹೆಸರು, ಬೀರು ಮೇಲೆ ಇನ್ನೊಬ್ಬರ ತಂದೆಯ ಸ್ಮರಣೆ, ಶಾರದೆ ಫೋಟೋದ ಕೆಳಗೆ ಮತ್ತೊಬ್ಬರ ಹೆಸರು. ಸಿನಿಮಾ ಇದನ್ನ ತಮಾಷೆಯಾಗಿ ಹೆಸರಲ್ಲಿಟ್ಟು ಮುಂದೆ ಹೋಗಿಬಿಡುತ್ತೆ. ನಿಲ್ಲಬೇಕಾಗಿದ್ದು ಅಲ್ಲೇ. 2022ರ ಅಕ್ಟೋಬರ್‌ನಲ್ಲಿ ಶಿಕ್ಷಣ ಇಲಾಖೆಯೇ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಎಸ್‌ಡಿಎಂಸಿಗಳಿಗೆ ಸುತ್ತೋಲೆ ಕಳಿಸಿ, ಗಲಾಟೆಯಾದ ಮೇಲೆ ಕೆಲವೇ ದಿನದಲ್ಲಿ ವಾಪಸ್ ತಗೊಂಡಿತು. ಉಚಿತ ಅಂತ ಕಾನೂನೇ ಹೇಳಿದ ಮೇಲೆ ಅದು ತಪ್ಪೇ. ಅದೇ ಹೊತ್ತಲ್ಲಿ ಪಕ್ಕದ ಮನೆಯವರು ಬರೀ ವ್ಯಾನಿಗೇ ಅದರ ಎಷ್ಟೋ ಪಟ್ಟು ಕೊಡ್ತಿದ್ದರು ಅನ್ನೋದೂ ನಿಜ. ಫೀಸು ಕಟ್ಟಿದೋರು “ಹೋಂವರ್ಕ್ ಯಾಕೆ ನೋಡಿಲ್ಲ” ಅಂತ ಕೇಳ್ತಾರೆ. ದೇಣಿಗೆ ಕೊಟ್ಟೋರಿಗೆ ಆ ಅಧಿಕಾರ ಇಲ್ಲ, ಹೆಸರು ಬರೆಸಬಹುದು ಅಷ್ಟೇ.

ಕೊಡುಗೆಯ ಇನ್ನೊಂದು ಲೆಕ್ಕ ನೋಡಿ. ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡೋಕೆ ಒಪ್ಪಿದ ಮೇಲೆ ಅದು ಆರು ದಿನವಾಯ್ತು. ಮೊಟ್ಟೆ ಬಂತಲ್ಲ, ಸಂತೋಷ. ಆದರೆ ಗುಣಿಸಿ ನೋಡಿ: ವರ್ಷಕ್ಕೆ 500 ಕೋಟಿ ಅಂದ್ರೆ ಆ 44,422 ಕೋಟಿಯಲ್ಲಿ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು. ಮಗುವಿನ ತಟ್ಟೆಗೆ ನೇರವಾಗಿ ಬೀಳೋ ಆ ಒಂದು ಪರ್ಸೆಂಟಿಗೆ ನಾವು ರಾಮಣ್ಣ ರೈಗಾಗಿ ಕಾಯಬೇಕಾಯ್ತು. ಚಿತ್ರೀಕರಣ ನಡೆದ ಕೈರಂಗಳದ ಶಾಲೆಯನ್ನ ರಿಷಬ್ ಶೆಟ್ಟಿಯವರೇ ದತ್ತು ತಗೊಂಡರು. ಅದಕ್ಕೆ ಅವರಿಗೆ ಕೈಮುಗೀತೀನಿ. ಆದರೆ ಅಲ್ಲೂ ಕಥೆ ಮುಂದುವರಿದದ್ದು ಕೊಡುಗೆಯ ದಾರಿಯಲ್ಲೇ. ನಮ್ಮ ಕಂಪನಿಗಳ ಸಿಎಸ್‌ಆರ್ ಕೂಡ ಇದೇ ಜಾತಿಯದು. ಶನಿವಾರ ಟೀ ಶರ್ಟ್ ಹಾಕ್ಕೊಂಡು ಶಾಲೆ ಗೋಡೆಗೆ ಬಣ್ಣ ಬಳಿದು ಸೆಲ್ಫಿ ತಗೊಂಡು ಬರ್ತೀವಿ. ಆ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ ಅಂತ ಯಾರೂ ಕೇಳಲ್ಲ.

ಹಾಗಾಗಿ ಆ ಅಳತೆಗೋಲನ್ನ ನಾನು ಒಪ್ಪಲ್ಲ. ಸರ್ಕಾರಿ ಶಾಲೆಯ ಖರ್ಚು ಜನ ಶಿಕ್ಷಣಕ್ಕೆ ಎಷ್ಟು ಬೆಲೆ ಕೊಡ್ತಾರೆ ಅಂತ ಹೇಳಲ್ಲ. ಬೆಲೆ ಕೊಡೋರು ಶಾಲೆಯ ಒಳಗಿದ್ದಾರಾ, ಹೊರಗೆ ಹೋಗಿದ್ದಾರಾ ಅಂತ ಹೇಳುತ್ತೆ. ಅನಂತನಾಗ್ ಅವರ ಕೋರ್ಟ್ ಭಾಷಣಕ್ಕೆ ನಾವು ತಟ್ಟಿದ ಚಪ್ಪಾಳೆಯಲ್ಲಿ ಒಂದು ಸಮಾಧಾನ ಇತ್ತು: ತಪ್ಪು ಆ ಅಧಿಕಾರಿಯದು, ನಮ್ಮದಲ್ಲ. ಒಳ್ಳೇ ಸಿನಿಮಾ ನಮಗೆ ಆ ಸಮಾಧಾನವನ್ನ ಇಷ್ಟು ಸುಲಭಕ್ಕೆ ಕೊಡಬಾರದಿತ್ತು.

ಯಾರಾದ್ರೂ ಇದರ ಮುಂದಿನ ಭಾಗ ಮಾಡೋದಾದ್ರೆ ಕೋರ್ಟ್ ಬೇಡ, ಮೈಸೂರಿಗೆ ಹೋಗೋದೂ ಬೇಡ. ಬೆಳಿಗ್ಗೆ ಎಂಟೂವರೆಗೆ ಹೊನ್ನವಳ್ಳಿಯಂಥ ಊರಿನ ಸರ್ಕಲ್‌ನಲ್ಲಿ ಕ್ಯಾಮೆರಾ ಇಡಲಿ. ಹಳದಿ ವ್ಯಾನು ಬರುತ್ತೆ, ಅದರ ಪಕ್ಕದಲ್ಲೇ ನಾಲ್ಕು ಮಕ್ಕಳು ಬ್ಯಾಗ್ ಹಾಕ್ಕೊಂಡು ಸರ್ಕಾರಿ ಶಾಲೆ ಕಡೆ ನಡೆದುಹೋಗ್ತಾರೆ. ಆ ನಾಲ್ಕು ಮಕ್ಕಳ ಪರವಾಗಿ ಎಪಿಎಂಸಿಯಲ್ಲಿ ಕೂಗೋ ಗಂಟಲಲ್ಲೇ ಕೂಗೋರು ಯಾರು ಅಂತ ಆ ಸಿನಿಮಾ ಕೇಳಲಿ. ಟಿಕೆಟ್ ತಗೊಂಡು ಕೂತ ನಾವು ಈ ಸಲ ಚಪ್ಪಾಳೆ ತಟ್ಟದೇ ಇದ್ದರೂ ಪರವಾಗಿಲ್ಲ.