ಗ್ರಂಥಕರ್ತನು ಊರಿಗೆ ಬರಲಿ

ಪುಸ್ತಕಪ್ರಿಯರಲ್ಲಿ ಕೆಲವರಿಗೆ ಪ್ರಥಮ ಮುದ್ರಣಗಳ ಮೇಲೆ ಮೋಹ, ಕೆಲವರಿಗೆ ಗ್ರಂಥಕರ್ತರ ಹಸ್ತಾಕ್ಷರವುಳ್ಳ ಪ್ರತಿಗಳ ಮೇಲೆ; ನನ್ನ ಪಕ್ಷಪಾತವಾದರೋ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರ ಪುಸ್ತಕಮಾಲೆಯೆಂಬ ಹೆಸರಿನಿಂದ ಹೊರತಂದ ಕಿರುಹೊತ್ತಗೆಗಳ ಕಡೆಗೆ. ಹಳೆಯ ಪುಸ್ತಕದಂಗಡಿಯ ಮೂಲೆಯಲ್ಲಿ ದಪ್ಪ ದಪ್ಪ ಸಂಪುಟಗಳ ನಡುವೆ ಅಡಗಿ, ಹುಡುಕುವವನ ಕಣ್ಣಿಗೂ ಒಮ್ಮೊಮ್ಮೆ ತಪ್ಪಿಹೋಗುವಷ್ಟು ತೆಳುವಾಗಿರುವ ಈ ಪುಸ್ತಿಕೆಗಳಲ್ಲಿ, ಒಂದು ವಿದ್ಯಾಸಂಸ್ಥೆಯು ತನ್ನ ಲೇಖಕನನ್ನು ಓದುಗನ ಬಳಿಗೆ ಕರೆದೊಯ್ಯುವ ವಿದ್ಯೆಯೇ ಅಡಕವಾಗಿದೆಯೆಂದು ನಾನು ನಂಬುತ್ತೇನೆ.

ಈ ಮಾಲೆಯ ಹುಟ್ಟನ್ನು ನೆನೆದರೆ ಆ ನಂಬಿಕೆಯ ಕಾರಣ ತಿಳಿಯುತ್ತದೆ. 1916ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ತನ್ನ ಅಧ್ಯಾಪಕರನ್ನು ಪಟ್ಟಣಗಳಿಗೂ ಹಳ್ಳಿಗಳಿಗೂ ಕಳುಹಿಸಿ, ತರಗತಿಯಲ್ಲಿ ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದವರಿಂದಲೇ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಹಾಗೆ ನುಡಿದುದನ್ನು ತಿದ್ದಿ ತೀಡಿ ಅಚ್ಚುಹಾಕಿಸಿತು. ಪುಸ್ತಕ ಮೊದಲು, ಪ್ರಚಾರ ಆಮೇಲೆ ಎಂಬುದು ಲೋಕದ ರೂಢಿ. ಇಲ್ಲಿಯಾದರೆ ಊರವರ ಮುಂದೆ ಆಡಿದ ಮಾತೇ ಮೊದಲು, ಪುಸ್ತಕವು ಅದರ ಫಲ.

ಆ ಫಲದ ರುಚಿಯನ್ನು ಬಲ್ಲವರು ಮೊದಲ ಎರಡು ಪುಟಗಳಲ್ಲಿಯೇ ಗುರುತಿಸಬಲ್ಲರು. ನನ್ನ ಕಪಾಟಿನಲ್ಲಿರುವ ಪ್ರತಿಯೊಂದರ ಹೊದಿಕೆಯಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ವಿಷಯದ ಹೆಸರು, ಉಪನ್ಯಾಸಕರ ಹೆಸರು, ಮಾಲೆಯ ಹೆಸರು, ಇಷ್ಟೆ. ಪಿನ್ನುಗಳು ತುಕ್ಕುಹಿಡಿದು ಕಾಗದಕ್ಕೆ ಕಂದುಬಣ್ಣದ ಕಲೆ ಹತ್ತಿದೆ. ಆದರೆ ಒಳಗಿನ ಗದ್ಯವು ಇನ್ನೂ ಹಳತಾಗಿಲ್ಲ. ಪಾರಿಭಾಷಿಕ ಪದವೊಂದು ಬಂದೊಡನೆ ಅದರ ಬೆನ್ನಿಗೇ ಹೊಲಮನೆಯ ಉದಾಹರಣೆಯೊಂದು ಬರುತ್ತದೆ. ಒಂದು ಸಂಗತಿಯು ಮನದಟ್ಟಾಯಿತೆಂದು ತಿಳಿದ ಮೇಲೆಯೇ ಮುಂದಿನದಕ್ಕೆ ಹೆಜ್ಜೆ. ಜಗಲಿಯ ಮೇಲೆ ಕುಳಿತ ಕೇಳುಗನು ಆಕಳಿಸಿದರೆ ಎದುರಿಗೇ ಕಾಣುವ ಸ್ಥಿತಿಯಲ್ಲಿ ನಿಂತು ಮಾತನಾಡಿದವನ ಬರವಣಿಗೆಗೆ ಬರುವ ವಿನಯವೂ ವಿಶದತೆಯೂ ಮೇಜಿನ ಮುಂದೆಯೇ ಕುಳಿತು ಬರೆದವನಿಗೆ ಸುಲಭವಾಗಿ ದಕ್ಕುವಂಥವಲ್ಲ.

ಮುಂದೆ, 1956ರಿಂದ 1960ರವರೆಗೆ ಇದೇ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರು ಅದನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗಗಳೆಂದು ಮೂರಾಗಿ ಕಂಡು, ಜ್ಞಾನವನ್ನು ಜನರಿಗೆ ಮುಟ್ಟಿಸುವ ಕಾರ್ಯಕ್ಕೆ ಪಾಠಪ್ರವಚನ ಸಂಶೋಧನೆಗಳಿಗೆ ಸಮನಾದ ಸ್ಥಾನವನ್ನು ಕೊಟ್ಟರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವನ್ನು ಕವಿ ಚೆನ್ನವೀರ ಕಣವಿಯವರು 1983ರವರೆಗೆ ದೀರ್ಘಕಾಲ ನಡೆಸಿದರು. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ತನ್ನ ಪ್ರಕಟಣೆಯ ಅಂಗಕ್ಕೆ ಅದೇ ಹೆಸರನ್ನಿಟ್ಟಿತು. ಪರಂಪರೆಯೇನೋ ಹೀಗೆ ಬೆಳೆದಿದೆ.

ಮೈಸೂರಿನ ಪ್ರಕಟಣೆಗಳಲ್ಲಿ ಮಹಾಗ್ರಂಥಗಳಿಗೂ ಕೊರತೆಯಿಲ್ಲ. 1946ರ ಇಂಗ್ಲಿಷ್–ಕನ್ನಡ ನಿಘಂಟು, 1969ರಲ್ಲಿ ಮೊದಲ ಸಂಪುಟವನ್ನು ಕಂಡು ಹದಿನಾಲ್ಕು ಸಂಪುಟಗಳಿಗೆ ಬೆಳೆದ ಕನ್ನಡ ವಿಶ್ವಕೋಶ, ಇಂಥವುಗಳಿಗೆ ಪ್ರಚಾರ ಬೇಕಿಲ್ಲ. ಅವುಗಳ ಅಗತ್ಯವೇ ಓದುಗನನ್ನು ಅವುಗಳ ಬಳಿಗೆ ತರುತ್ತದೆ. ಆಸರೆ ಬೇಕಾದುದು ಹೊಸ ಗ್ರಂಥಕರ್ತನಿಗೆ. ವರ್ಷಾನುವರ್ಷ ದುಡಿದು ಬರೆದ ಅವನ ಪುಸ್ತಕವು ನಗರದ ಸಭಾಂಗಣವೊಂದರಲ್ಲಿ ಲೋಕಾರ್ಪಣೆಗೊಂಡು, ಮರುದಿನ ಪತ್ರಿಕೆಯಲ್ಲಿ ಭಾವಚಿತ್ರವಾಗಿ, ಅನಂತರ ಉಗ್ರಾಣವನ್ನು ಸೇರಿ ರಿಯಾಯಿತಿ ಮಾರಾಟದ ದಿನವನ್ನು ಕಾಯುವಂತಾದರೆ, ಅಚ್ಚುಹಾಕಿಸಿದವರ ಶ್ರಮವು ಅರ್ಧಕ್ಕೇ ನಿಂತಂತೆ. ರಿಯಾಯಿತಿಯನ್ನು ನಾನು ಹಳಿಯುವವನಲ್ಲ. ಆದರೆ ಅದು ಓದುವ ಅಭ್ಯಾಸವಿರುವವನ ಕೈಗೆ ಇನ್ನೊಂದು ಪುಸ್ತಕವನ್ನು ಕೊಡಬಲ್ಲುದೇ ಹೊರತು, ಓದದವನನ್ನು ಓದುಗನನ್ನಾಗಿ ಮಾಡಲಾರದು. ಆ ಶಕ್ತಿಯು ಎದುರು ನಿಂತು ಮಾತನಾಡುವ ಗ್ರಂಥಕರ್ತನಿಗುಂಟು.

ಆದಕಾರಣ ಅವನು ನಮ್ಮ ಕಡೆಗೂ ಬರಲಿ. ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಿಂದ ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನಗಳ ದಾರಿಯು ಕವಲೊಡೆಯುವುದು ನಮ್ಮ ಬಿಳಿಕೆರೆಯಲ್ಲಿಯೇ. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಬೆಳಗಿನ ಪಾಠವನ್ನು ಮುಗಿಸಿದವರು ಸಂಜೆಯ ಸಭೆಗೆ ಇಲ್ಲಿಗೆ ನಿರಾಯಾಸವಾಗಿ ಬಂದು ಹಿಂದಿರುಗಬಹುದು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬ್ಯಾರನ್ನಿನಲ್ಲಿ ಬೇಯುವ ದಿನಗಳಲ್ಲಿ ರಾತ್ರಿಯೆಲ್ಲ ಬೆಂಕಿ ಕಾಯಬೇಕಾದ ರೈತನನ್ನು ಸಭೆಗೆ ಕರೆಯುವುದು ಅನ್ಯಾಯ. ಹರಾಜು ಕಟ್ಟೆಯ ಗಡಿಬಿಡಿ ಇಳಿದ ಮೇಲೆ ಕರೆಯಬೇಕು. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಗೆ ಜನ ಎತ್ತುಗಳನ್ನು ಹೊಡೆದುಕೊಂಡು ಬಂದು ಬೀಡುಬಿಡುತ್ತಾರೆ. ಅಲ್ಲಿ ಒಂದು ಪುಸ್ತಕದ ಮಳಿಗೆಯೂ ಇರಲಿ, ಮಣ್ಣಿನ ವಿಷಯವನ್ನೋ ನಾಟಿಹಸುವಿನ ವಿಷಯವನ್ನೋ ಬರೆದ ಗ್ರಂಥಕರ್ತನು ಅಲ್ಲಿಯೇ ನಿಂತು ಪ್ರಶ್ನೆಗಳಿಗೆ ಉತ್ತರಿಸಲಿ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳನ್ನು ಕುರಿತು ಪ್ರಬಂಧ ಬರೆದವರು ಅದನ್ನು ಮೊದಲು ಜೇನುಕುರುಬರ, ಬೆಟ್ಟಕುರುಬರ ಮುಂದೆಯೇ ಓದಿ ಹೇಳಲಿ. ತಪ್ಪುಗಳನ್ನು ತಿದ್ದುವ ಅಧಿಕಾರವು ಅವರಿಗಿರುವಷ್ಟು ಯಾವ ಪರೀಕ್ಷಕನಿಗೂ ಇಲ್ಲ.

ಈ ನೆಲಕ್ಕೆ ಸಾಹಿತ್ಯವು ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. ‘ವೈಶಾಖ’ ಕಾದಂಬರಿಗಾಗಿ 1982ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ಚದುರಂಗರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಈ ಸೀಮೆಯ ಆಡುಮಾತಿಗೆ ದೊಡ್ಡ ಕೃತಿಯೊಂದನ್ನು ಹೊರುವ ಕಸುವಿದೆಯೆಂಬುದನ್ನು ಅವರು ತೋರಿಸಿಕೊಟ್ಟಿದ್ದಾರೆ. ಹಾಗಿರುವಾಗ ಇಲ್ಲಿಯ ಶ್ರೋತೃಗಳನ್ನು ಅಜ್ಞರೆಂದು ಬಗೆದು ಮಾತನ್ನು ಸಪ್ಪೆಗೊಳಿಸುವುದೂ ಬೇಡ, ಪಾಂಡಿತ್ಯದ ಭಾರದಿಂದ ಬಳಲಿಸುವುದೂ ಬೇಡ.

ಕರೆಯುವ ಹೊಣೆಯಾದರೂ ನಮ್ಮದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿವೆ, ಪ್ರೌಢಶಾಲೆಗಳಿವೆ, ಯುವಕ ಸಂಘಗಳಿವೆ. ಇವುಗಳಲ್ಲಿ ಯಾವುದಾದರೊಂದು ಮುಂದೆ ಬಂದು ಸ್ಥಳ, ದಿನ, ವಿಷಯಗಳನ್ನು ಸೂಚಿಸಿ ಮೈಸೂರಿನ ಪ್ರಸಾರಾಂಗಕ್ಕೆ ಪತ್ರ ಬರೆಯಲಿ. ಬಂದವರಿಗೆ ಶಾಲು ಹಾರಗಳು ಬೇಡ. ಅವರ ಪುಸ್ತಕವನ್ನು ಸಭೆಗೆ ಮುಂಚೆಯೇ ತರಿಸಿ ನಾಲ್ಕಾರು ಮಂದಿಯಾದರೂ ಓದಿಕೊಂಡು ಕುಳಿತು, ಒಪ್ಪದ ಕಡೆ ಒಪ್ಪಲಿಲ್ಲವೆಂದು ಹೇಳಿ, ಹಣ ಕೊಟ್ಟು ಪ್ರತಿಯನ್ನು ಕೊಂಡರೆ, ಗ್ರಂಥಕರ್ತನಿಗೆ ಅದಕ್ಕಿಂತ ಮಿಗಿಲಾದ ಸನ್ಮಾನವಿಲ್ಲ.