ಅಂಚು ಕತ್ತರಿಸಿದ ಮೇಲೆ

‘ಬುಕ್ ಆಫ್ ಕೆಲ್ಸ್’ ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಾಗಿರುವುದು ಪರದೆಯ ಮೇಲೆ, ಒಂದೊಂದೇ ಚಿತ್ರವಾಗಿ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಈ ಲ್ಯಾಟಿನ್ ಸುವಾರ್ತೆಗಳ ಹಸ್ತಪ್ರತಿ ಸುಮಾರು ಕ್ರಿ.ಶ. 800ರದು. ಬರೆದಿರುವುದು ಕರುವಿನ ಚರ್ಮದ ಮೇಲೆ. ಅದರ ಹೆಸರಾಂತ ‘ಕೈ ರೋ’ ಪುಟದಲ್ಲಿ ಕ್ರಿಸ್ತನ ಹೆಸರಿನ ಗ್ರೀಕ್ ಅಕ್ಷರಗಳು ಹಾಳೆಯನ್ನೆಲ್ಲ ಆವರಿಸಿವೆ. ಬುಡದಲ್ಲಿ ಬೆಕ್ಕು, ಇಲಿ, ಮೀನು ಕಚ್ಚಿದ ನೀರುನಾಯಿ. ಚಿನ್ನದ ರೇಕಿಲ್ಲ, ಹೊಳೆಯುವ ಹಳದಿ ಹರಿತಾಳದ್ದು.

ಕೈಯಿಂದ ಪುಸ್ತಕ ಕಟ್ಟಲು ಕಲಿಯುವವರೆಗೆ ನಾನೂ ಇಷ್ಟನ್ನೇ ಮೆಚ್ಚುತ್ತಿದ್ದೆ. ಮೊದಲ ಪ್ರಯೋಗಕ್ಕೆ ಸಿಕ್ಕಿದ್ದು ಅಮ್ಮನ ಅಡುಗೆ ಪುಸ್ತಕ. ಹಳೆಯ ಹೊಲಿಗೆ ಬಿಚ್ಚಿ, ಮೇಣ ಸವರಿದ ದಾರದಲ್ಲಿ ಮತ್ತೆ ಹೊಲಿದು, ಅಂಚು ನೇರವಾಗಲೆಂದು ಅರ್ಧ ಇಂಚು ಕತ್ತರಿಸಿದೆ. ಅವಳು ಪೆನ್ಸಿಲಿನಲ್ಲಿ ಬರೆದಿದ್ದ ತಿದ್ದುಪಡಿಗಳು ಆ ಚೂರಿನೊಂದಿಗೆ ಹೋದವು.

ಕೆಲ್ಸ್‌ಗೂ ಹೀಗೇ ಆಗಿದೆ. 19ನೇ ಶತಮಾನದಲ್ಲಿ ಮರುಕಟ್ಟುವಾಗ ಅಂಚುಗಳನ್ನು ಕತ್ತರಿಸಿದರು. ಅಲಂಕಾರದ ತುಣುಕುಗಳೂ ಹೋದವು. 1953ರಲ್ಲಿ ರೋಜರ್ ಪೊವೆಲ್ ಅದನ್ನು ನಾಲ್ಕು ಸಂಪುಟಗಳಾಗಿ ಕಟ್ಟಿದರು. ಹೋದದ್ದು ಮಾತ್ರ ಬರಲಿಲ್ಲ. ಹಾಗಾಗಿ ಆ ಪುಟಗಳ ಇಕ್ಕಟ್ಟನ್ನು ಶೈಲಿಯೆಂದು ಹೊಗಳುವ ಮೊದಲು ಅದರಲ್ಲಿ ಕುಂಚದ ಪಾಲೆಷ್ಟು, ಕತ್ತಿಯ ಪಾಲೆಷ್ಟು ಎಂದು ಕೇಳಬೇಕು. ಚಿತ್ರವನ್ನಷ್ಟೇ ನೋಡಿ ಕಟ್ಟನ್ನು ಬಿಡುವ ವಿಮರ್ಶೆ ಅರ್ಧ ಓದು. ಬಣ್ಣ ಹಚ್ಚಿದವನಷ್ಟೇ ಕಟ್ಟಿದವನೂ ಪುಟವನ್ನು ರೂಪಿಸುತ್ತಾನೆ, ಕೆಡಿಸುತ್ತಾನೆ ಕೂಡ.

ಅಮ್ಮನಿಗೆ ಫೋನ್ ಮಾಡಿ ಬೆಲ್ಲದ ಅಳತೆಗಳನ್ನು ಮತ್ತೆ ಬರೆದುಕೊಂಡೆ. ಕೆಲ್ಸ್‌ನ ಲಿಪಿಕಾರರಿಗೆ ಯಾರು ಫೋನ್ ಮಾಡುವುದು? ಮುಂದಿನ ಸಲ ಆ ಪುಟ ತೆರೆದಾಗ ಮೊದಲು ಅಂಚು ನೋಡಿ.