ಬೀಳದೆ ಉಳಿದದ್ದೇ ಹೆಚ್ಚುಗಾರಿಕೆಯೇ?

ಫ್ರಾನ್ಸ್ ಕ್ಲಾಮರ್‌ನನ್ನು ಹೊಗಳುವವರು ಸಾಮಾನ್ಯವಾಗಿ ಅವನು ಬೀಳದೆ ಉಳಿದದ್ದನ್ನೇ ಹೊಗಳುತ್ತಾರೆ. 1976ರ ಫೆಬ್ರವರಿ 5ರಂದು ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನ ಪುರುಷರ ಡೌನ್‌ಹಿಲ್ ಸ್ಕೀಯಿಂಗ್ ಸ್ಪರ್ಧೆಯ ಚಿತ್ರಸುರುಳಿ ನೋಡಿದರೆ ಅದಕ್ಕೆ ಕಾರಣವೂ ಸಿಗುತ್ತದೆ. ಪಾಚರ್‌ಕೋಫೆಲ್ ಬೆಟ್ಟದ ಮೇಲಿನಿಂದ ಹಳದಿ ಉಡುಪಿನ ಈ ಆಸ್ಟ್ರಿಯನ್ ಧುಮುಕುತ್ತಾನೆ. ತೋಳುಗಳು ಗಾಳಿಯಲ್ಲಿ ಬೀಸಾಡುತ್ತವೆ, ಒಂದು ಸ್ಕೀ ನೆಲ ಬಿಡುತ್ತದೆ, ಮೈ ಇನ್ನೇನು ಉರುಳಿತು ಎನ್ನುವಷ್ಟು ವಾಲುತ್ತದೆ. ಇಷ್ಟೇ ಆಗಿದ್ದರೆ ಅದನ್ನು ಸರ್ಕಸ್ ಎಂದು ಬದಿಗಿಡಬಹುದಿತ್ತು.

ಡೌನ್‌ಹಿಲ್‌ನಲ್ಲಿ ಅಂದಕ್ಕೆ ಅಂಕವಿಲ್ಲ. ಒಬ್ಬೊಬ್ಬರಾಗಿ ಇಳಿಯಬೇಕು, ಉಳಿದದ್ದು ಗಡಿಯಾರದ ಕೆಲಸ. ಅಂದಕ್ಕೆ ಅಂಕವಿದ್ದಿದ್ದರೆ ನನ್ನ ಮತ ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರುಸ್ಸಿಗೆ. 1972ರ ಸಪ್ಪೊರೊ ಒಲಿಂಪಿಕ್ಸ್‌ನ ಡೌನ್‌ಹಿಲ್ ಚಿನ್ನ ಗೆದ್ದವನು ಮೂರನೆಯವನಾಗಿ ಇಳಿದು, ಎಲ್ಲೂ ಎಡವದೆ, 1 ನಿಮಿಷ 46.06 ಸೆಕೆಂಡಿನಲ್ಲಿ ಮುಗಿಸಿದ. ಕ್ಲಾಮರ್‌ನ ಸರದಿ ಹದಿನೈದನೆಯದು. ಹಿಂದಿನ ಋತುವಿನಲ್ಲಿ ವಿಶ್ವಕಪ್‌ನ ಒಂಬತ್ತು ಡೌನ್‌ಹಿಲ್‌ಗಳಲ್ಲಿ ಎಂಟನ್ನು ಗೆದ್ದಿದ್ದವನ ಮೇಲೆ ತವರಿನ ಜನ ಆಸೆಯನ್ನಲ್ಲ, ಹಕ್ಕನ್ನೇ ಹೇರಿದ್ದರು. ನಡುದಾರಿಯ ಲೆಕ್ಕದಲ್ಲಿ ಅವನು ರುಸ್ಸಿಗಿಂತ ಹಿಂದಿದ್ದ. ಅಂದರೆ ನಮ್ಮ ಉಸಿರು ಹಿಡಿದಿಟ್ಟ ಆ ಮೇಲಿನ ಹುಚ್ಚಾಟ ಅವನಿಗೆ ಲಾಭ ತಂದಿರಲಿಲ್ಲ, ನಷ್ಟವನ್ನೇ ತಂದಿತ್ತು!

ಓಟ ಗೆದ್ದದ್ದು ಕೆಳಭಾಗದಲ್ಲಿ. ಬೆರ್ನೆಗ್ ತಿರುವಿಗೆ ಅವನು ವಾಡಿಕೆಯ ಜಾಡು ಬಿಟ್ಟು ಮೇಲಿನಿಂದ, ಪ್ರೇಕ್ಷಕರ ಬೇಲಿಯ ಹತ್ತಿರದಿಂದ ನುಗ್ಗಿದ. ತಿರುವಿಗೆ ಮುನ್ನ ಹಾದಿ ಬಳಸಾದರೂ ದಾಟಿದ ಮೇಲೆ ವೇಗ ಉಳಿಯುತ್ತದೆ. ಕಾಲು ಸೋತ ಆ ಹೊತ್ತಿನಲ್ಲೂ ಇಷ್ಟು ಲೆಕ್ಕ ಹಾಕಿದವನನ್ನು ಹತೋಟಿ ತಪ್ಪಿದವನು ಎನ್ನುವುದು ಅನ್ಯಾಯ. 1 ನಿಮಿಷ 45.73 ಸೆಕೆಂಡು, ಅಂತರ 0.33. ಮೂರನೆಯವನಾದ ಇಟಲಿಯ ಹರ್ಬರ್ಟ್ ಪ್ಲಾಂಕ್‌ನ ಹೆಸರು ಈ ಗದ್ದಲದಲ್ಲಿ ಮುಳುಗಿಹೋಯಿತು.

ಅವನನ್ನು ಹೀಗೆ ತಪ್ಪಾಗಿ ಅಳೆದದ್ದರಲ್ಲಿ ಕ್ಯಾಮೆರಾದ ಪಾಲೂ ಇದೆ. ಮಸೂರಕ್ಕೆ ತೂರಾಟ ಕಾಣುತ್ತದೆ, ಜಾಡಿನ ಆಯ್ಕೆ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಇಬ್ಬರ ಇಳಿತವನ್ನೂ ತಿರುವು ತಿರುವಾಗಿ ಪಕ್ಕಪಕ್ಕದಲ್ಲಿಟ್ಟು ನೋಡಬೇಕು, ಅಷ್ಟು ತಾಳ್ಮೆ ನೇರಪ್ರಸಾರಕ್ಕೆಲ್ಲಿ?

ಸೋತ ರುಸ್ಸಿ ಮುಂದೆ ಒಲಿಂಪಿಕ್ ಡೌನ್‌ಹಿಲ್ ಹಾದಿಗಳನ್ನೇ ರೂಪಿಸುವವನಾದ. 1992ಕ್ಕೆ ವಾಲ್ ದಿಸೇರ್‌ನಲ್ಲಿ ಅವನು ಮಾಡಿದ ಬೆಲ್‌ವಾರ್ಡ್ ಹಾದಿಯಲ್ಲಿ ತಿರುವುಗಳು ಅತಿಯಾದವೆಂದು ಗೊಣಗಿದವರುಂಟು. ನನಗೆ ಆ ದೂರು ಒಪ್ಪಿಗೆಯಿಲ್ಲ. ನೆಟ್ಟಗೆ ಜಾರುವವನಿಗಿಂತ ಜಾಡು ಆರಿಸಬಲ್ಲವನಿಗೆ ಅದು ಒಲಿಯುವಂಥ ಹಾದಿ.